ಯಾವ ಡಾಕ್ಟರರ ಬಳಿ ಹೋಗಬೇಕು?

ಬೆಳಗಿನ ಜಾವ ಶಟರ್ ಎತ್ತಿ ರಾತ್ರಿಯವರೆಗೆ ಗಲ್ಲಾದಲ್ಲಿ ಕೂರುವ ನಾವು, ಕಾಲು ಜುಮುಗುಟ್ಟಿದರೆ ಮೂಳೆ ಡಾಕ್ಟರು, ಕಣ್ಣು ಮಂಜಾದರೆ ಕಣ್ಣಿನ ಡಾಕ್ಟರು ಎಂದು ಅಲೆಯುತ್ತೇವೆ. ಎರಡಕ್ಕೂ ಮೂಲ ಒಂದೇ ಸಕ್ಕರೆ ಕಾಯಿಲೆ ಇರಬಹುದು. ಅದನ್ನು ಕೂಡಿಸಿ ನೋಡುವವರು ಫಿಸಿಷಿಯನ್, ಅಂದರೆ ಎಂಬಿಬಿಎಸ್ ಮೇಲೆ 3 ವರ್ಷ ಜನರಲ್ ಮೆಡಿಸಿನ್‌ನಲ್ಲಿ ಎಂ.ಡಿ. ಓದಿದವರು. ಆಪರೇಷನ್, ಮಕ್ಕಳ ಕಾಯಿಲೆ ಇವರದಲ್ಲ, ದೊಡ್ಡವರ ಬಿ.ಪಿ., ಶುಗರ್, ಥೈರಾಯ್ಡ್, ದಮ್ಮು, ಬಿಡದ ಜ್ವರ ಇವರದು. ಬೇಕಾದರೆ ಹೃದಯ, ಕಿಡ್ನಿ ತಜ್ಞರಲ್ಲಿಗೆ ಇವರೇ ಕಳಿಸುತ್ತಾರೆ.

ಎಚ್‌ಬಿಎ1ಸಿ ಪರೀಕ್ಷೆ 2-3 ತಿಂಗಳ ಸಕ್ಕರೆಯ ಲೆಕ್ಕ ಹೇಳುತ್ತದೆ, 6.5 ಮುಟ್ಟಿದರೆ ಸಕ್ಕರೆ ಕಾಯಿಲೆಯೆಂದೇ ಹಿಡಿಯುತ್ತಾರೆ. ಇದಕ್ಕೆ ಉಪವಾಸ ಬೇಡ, ಚಹಾ ಕುಡಿದೇ ಹೋಗಬಹುದು. ಗಲ್ಲಾ ಬಿಡಲಾರದ ನಮಗೆ ಇದೇ ಅನುಕೂಲ!

ಅಡುಗೆ ಭಟ್ಟರ ಜ್ವರ 3 ದಿನ ದಾಟಿದರೆ ಮಾತ್ರೆ ನುಂಗಿಸಿ ಒಲೆ ಮುಂದೆ ನಿಲ್ಲಿಸದೆ ಫಿಸಿಷಿಯನ್‌ಗೆ ತೋರಿಸೋಣ. ಟೈಫಾಯ್ಡ್ ಆಗಿದ್ದರೆ ಅದು ಅವರ ಕೈಯಿಂದ ಗಿರಾಕಿಯ ತಟ್ಟೆಗೂ ಹೋದೀತು.