ನೂಲು ಅಲ್ಲಿಂದ, ನ್ಯಾಯ ಎಲ್ಲಿಂದ?

ಚೀನಾದ ರೇಷ್ಮೆ, ಇಂಡೊನೇಷ್ಯಾದ ತಾಳೆ ಎಣ್ಣೆ: ಮೊಳಕಾಲ್ಮೂರಿನ ಮಗ್ಗ, ಚಳ್ಳಕೆರೆಯ ಮಿಲ್ಲುಗಳ ಬದುಕು ದೂರದ ತಯಾರಕರ ಜೊತೆ ಹೆಣೆದುಕೊಂಡಿದೆ. ಸರಕು ಕೆಟ್ಟರೆ, ತೂಕ ತಪ್ಪಿದರೆ, ಮಾತು ಮುರಿದರೆ ಎಲ್ಲಿ ಹೋಗಿ ಕೇಳಬೇಕು?

ರೇಷ್ಮೆ ನೂಲು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಮಳೆಗಾಲದಲ್ಲಿ ತೂಗಿದ ನೂಲನ್ನೇ ಬೇಸಿಗೆಯಲ್ಲಿ ತೂಗಿದರೆ ತೂಕ ಬೇರೆ. ಅದಕ್ಕೇ ಲೋಕದ ರೇಷ್ಮೆ ವ್ಯಾಪಾರ ಒಂದು ಲೆಕ್ಕಕ್ಕೆ ಒಪ್ಪಿಕೊಂಡಿದೆ. ನೂಲನ್ನು ಪೂರ್ತಿ ಒಣಗಿಸಿ ತೂಗಬೇಕು. ಆ ಒಣ ತೂಕದ ಮೇಲೆ ಶೇ 11ರಷ್ಟು ತೇವಾಂಶ ಸೇರಿಸಬೇಕು. ಬಂದದ್ದೇ ಹಣ ಕೊಡಬೇಕಾದ ತೂಕ. ಒಣಗಿಸಿದಾಗ 54 ಕೆ.ಜಿ. ತೂಗುವ ಬೇಲ್‌ಗೆ 59.94 ಕೆ.ಜಿ.ಯ ದುಡ್ಡು. ಈ ಲೆಕ್ಕ ಬರೆಸಿಕೊಳ್ಳದೆ ಬರೀ ‘60 ಕೆ.ಜಿ. ಬೇಲ್’ ಎಂದು ಕೊಂಡವನಿಗೆ, ತೇವದ ಬಂದರಿನಿಂದ ಹೊರಟ ನೂಲು ಒಣ ಸೀಮೆಯ ತಕ್ಕಡಿಯಲ್ಲಿ ಕಡಿಮೆ ತೂಗಿದರೆ ತಕರಾರು ಎತ್ತಲು ಆಧಾರವೇ ಇರುವುದಿಲ್ಲ.

ಚಿತ್ರದುರ್ಗ ಜಿಲ್ಲೆಯ ಈಶಾನ್ಯ ಅಂಚಿನ ಮೊಳಕಾಲ್ಮೂರು ಅಂಥ ಒಣ ಸೀಮೆ. ಮಳೆ ಕಡಿಮೆ, ಮಗ್ಗ ಹೆಚ್ಚು. ಇಲ್ಲಿನ ರೇಷ್ಮೆ ಸೀರೆಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಇದೆ. ಆ ಮಾನ್ಯತೆ ಸೀರೆಯ ಊರಿಗೆ ಸಂದದ್ದು. ನೂಲು ಯಾವ ಊರಿನದು ಎಂಬ ಪ್ರಶ್ನೆಗೆ ಉತ್ತರ ಬೇರೆ. ಎಳೆ ಸಮವಾಗಿರುತ್ತದೆ, ಹಾಸಿನಲ್ಲಿ ಬೇಗ ಹರಿಯುವುದಿಲ್ಲ ಎಂಬ ಕಾರಣಕ್ಕೆ ಚೀನಾದ ದ್ವಿತಳಿ ರೇಷ್ಮೆ ದಶಕಗಳಿಂದ ಭಾರತದ ಮಗ್ಗಗಳಿಗೆ ಬರುತ್ತಿದೆ. ಈ ಶತಮಾನದ ಮೊದಲ ದಶಕದಲ್ಲಿ ದೇಶ ವರ್ಷಕ್ಕೆ ಎಂಟು ಸಾವಿರ ಟನ್ನಿನ ಆಸುಪಾಸು ಕಚ್ಚಾ ರೇಷ್ಮೆ ತರಿಸಿದ್ದೂ ಉಂಟು. ಆಮೇಲೆ ದೇಶದಲ್ಲೇ ದ್ವಿತಳಿ ಗೂಡಿನ ಇಳುವರಿ ಹೆಚ್ಚಿ, ಆಮದು ಗಣನೀಯವಾಗಿ ಇಳಿಯಿತು.

ಆಮದುದಾರ, ಹುರಿ ಮಾಡುವವ, ಬೆಂಗಳೂರಿನ ಸಗಟು ವ್ಯಾಪಾರಿ, ಊರಿನ ಮಾಲೀಕ. ಇಷ್ಟು ಕೈ ದಾಟಿ ನೂಲು ನೇಕಾರನ ಮಗ್ಗಕ್ಕೆ ಬರುತ್ತದೆ. ಎಳೆ ಎಳೆಗೂ ಗಂಟು ಬಿದ್ದರೆ, ಬಣ್ಣ ಹಾಕಿದಾಗ ಪಟ್ಟೆ ಎದ್ದರೆ ನಷ್ಟ ಮೊದಲು ತಟ್ಟುವುದು ಅವನಿಗೆ. ಆದರೆ ಚೀನಾದ ಕಾರ್ಖಾನೆಯೊಡನೆ ಅವನಿಗೆ ಒಪ್ಪಂದವೇ ಇಲ್ಲ. 1930ರ ಸರಕು ಮಾರಾಟ ಕಾಯ್ದೆಯ ಪ್ರಕಾರ ಅವನು ಕೇಳಬಹುದಾದದ್ದು ತನಗೆ ಮಾರಿದವನನ್ನು ಮಾತ್ರ. ಸರಕನ್ನು ಪರೀಕ್ಷಿಸಿ ನೋಡುವ ಹಕ್ಕು ಕಾಯ್ದೆಯಲ್ಲಿ ಇದೆ. ಬಿಲ್ಲೇ ಇಲ್ಲದ ಸಾಲದ ವ್ಯವಹಾರದಲ್ಲಿ ಆ ಹಕ್ಕನ್ನು ಚಲಾಯಿಸುವುದು ಕಷ್ಟ.

ಬ್ಯಾಂಕು ನೋಡುವುದು ಕಾಗದ

ಮೊದಲ ಸಲ ಆಮದಿಗೆ ಇಳಿದವರು ಎಡವುವುದು, ಹಣ ಸಂದಾಯಕ್ಕೆ ಬ್ಯಾಂಕು ಕೊಡುವ ಭರವಸೆ ಪತ್ರವಾದ ಲೆಟರ್ ಆಫ್ ಕ್ರೆಡಿಟ್‌ನಲ್ಲಿ. ಬ್ಯಾಂಕು ನಡುವೆ ಇದೆಯಲ್ಲ, ಸರಕು ಸರಿಯಿಲ್ಲದಿದ್ದರೆ ಹಣ ತಡೆಯುತ್ತದೆ ಎಂಬ ನಂಬಿಕೆ ಅವರದು. ಆದರೆ 2007ರ ಜುಲೈ 1ರಿಂದ ಜಗತ್ತಿನ ಬ್ಯಾಂಕುಗಳು ಪಾಲಿಸುತ್ತಿರುವ ಯುಸಿಪಿ 600 ನಿಯಮಾವಳಿ, ಬ್ಯಾಂಕು ವ್ಯವಹರಿಸುವುದು ದಾಖಲೆಗಳೊಂದಿಗೆ, ಸರಕಿನೊಂದಿಗಲ್ಲ ಎಂದು ನೇರವಾಗಿ ಹೇಳುತ್ತದೆ. ಇನ್‌ವಾಯ್ಸ್, ಹಡಗಿನ ರಸೀದಿ, ಪ್ಯಾಕಿಂಗ್ ಪಟ್ಟಿ ಸರಿಯಿದ್ದರೆ ಹಣ ಸಂದಾಯವಾಗುತ್ತದೆ. ಬೇಲ್ ಒಳಗೆ ಏನಿದೆ ಎಂಬುದು ಬ್ಯಾಂಕಿಗೆ ಸಂಬಂಧಿಸಿದ್ದಲ್ಲ. ಹಣ ತಡೆಯಿರಿ ಎಂದು ಕೋರ್ಟಿಗೆ ಹೋದರೂ ದಾರಿ ಕಿರಿದು. ಬ್ಯಾಂಕಿನ ಇಂಥ ಬದ್ಧತೆಗಳಿಗೆ ತಡೆಯಾಜ್ಞೆ ಬೇಕಿದ್ದರೆ ಸ್ಪಷ್ಟವಾದ ವಂಚನೆಯನ್ನೋ ಸರಿಪಡಿಸಲಾಗದ ಅನ್ಯಾಯವನ್ನೋ ತೋರಿಸಬೇಕು ಎಂದು ಸುಪ್ರೀಂ ಕೋರ್ಟ್ ಹಲವು ಸಲ ಹೇಳಿದೆ.

ಹಾಗಾದರೆ ಕೊಳ್ಳುವವನ ಕೈಯಲ್ಲಿ ಏನಿದೆ? ಯಾವ ದಾಖಲೆಗಳು ಬೇಕು ಎಂದು ಪಟ್ಟಿ ಮಾಡುವ ಅಧಿಕಾರ ಇದೆ. ಸರಕು ಹಡಗು ಹತ್ತುವ ಮುನ್ನ ಮೂರನೆಯವರೊಬ್ಬರು ಪರೀಕ್ಷಿಸಿ ಕೊಟ್ಟ ಪ್ರಮಾಣಪತ್ರವೂ ಬೇಕು, ಅದರಲ್ಲಿ ದರ್ಜೆ, ಡೆನಿಯರ್ (ಎಳೆಯ ದಪ್ಪದ ಅಳತೆ), ಒಣ ತೂಕ ನಮೂದಾಗಿರಬೇಕು ಎಂದು ಆ ಪಟ್ಟಿಗೆ ಒಂದು ಸಾಲು ಸೇರಿಸಿದರೆ, ಪ್ರಮಾಣಪತ್ರ ಬರುವವರೆಗೆ ಬ್ಯಾಂಕು ಹಣ ಬಿಡುವಂತಿಲ್ಲ. ಎಸ್‌ಜಿಎಸ್, ಬ್ಯೂರೋ ವೆರಿಟಾಸ್‌ನಂಥ ಸಂಸ್ಥೆಗಳು ನೂರಕ್ಕೂ ಹೆಚ್ಚು ವರ್ಷಗಳಿಂದ ಈ ತಪಾಸಣೆಯ ಕೆಲಸ ಮಾಡುತ್ತಿವೆ. ಅದಕ್ಕೆ ಶುಲ್ಕ ಕೊಡಬೇಕು. ಚಿಕ್ಕ ವ್ಯಾಪಾರಿ ಉಳಿಸಲು ಹೋಗುವುದು ಈ ಶುಲ್ಕವನ್ನೇ.

ದಾರಿಯಲ್ಲಿ ಹಾಳಾದದ್ದು ಯಾರ ಪಾಲಿಗೆ ಎಂಬುದೂ ಮೊದಲೇ ತೀರ್ಮಾನವಾಗಿರುತ್ತದೆ. ಎಫ್‌ಒಬಿ ಎಂದು ಒಪ್ಪಿದ್ದರೆ ಸರಕು ಶಾಂಘೈನಲ್ಲಿ ಹಡಗು ಹತ್ತಿದ ಗಳಿಗೆಯಿಂದ ಅದರ ಹೊಣೆ ಕೊಂಡವನದು. ಸಿಐಎಫ್‌ ಬೆಲೆಯಲ್ಲಿ ಬಾಡಿಗೆ, ವಿಮೆ ಎರಡೂ ಸೇರಿರುತ್ತವೆ. ಚೆನ್ನೈ ಮುಟ್ಟುವವರೆಗೆ ಮಾರಿದವನೇ ಹೊಣೆ ಎಂದು ಹಲವರು ತಿಳಿಯುವುದು ಅದಕ್ಕೇ. ಆದರೆ ಅಲ್ಲಿಯೂ ಅಪಾಯದ ಹೊಣೆ ದಾಟುವುದು ಹಡಗು ಹತ್ತಿದಾಗಲೇ.

ತೂಕದ ಜಗಳಕ್ಕೆ ಇಪ್ಪತ್ತನಾಲ್ಕು ವರ್ಷ

ಒಣ ತೂಕದ ತಕರಾರು ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಸರ್ಕಾರಿ ಕಂಪನಿಯೊಂದರ ಉದಾಹರಣೆಯೇ ಇದೆ. ರಾಜಸ್ಥಾನದ ಖೇತ್ರಿಯಲ್ಲಿ ತಾಮ್ರದ ಸ್ಥಾವರ ನಡೆಸುತ್ತಿದ್ದ ಹಿಂದೂಸ್ತಾನ್ ಕಾಪರ್, 1996ರಲ್ಲಿ ಅಮೆರಿಕದ ಸೆಂಟ್ರೊಟ್ರೇಡ್ ಕಂಪನಿಯಿಂದ ತಾಮ್ರದ ಅದಿರು ಸಾಂದ್ರವನ್ನು ಕಾಂಡ್ಲಾ ಬಂದರಿಗೆ ತರಿಸಿಕೊಂಡಿತು. ಹಣ ಸಂದಾಯವಾದ ಮೇಲೆ ಸರಕಿನ ಒಣ ತೂಕದ ಬಗ್ಗೆ ವಿವಾದ ಎದ್ದಿತು. ಭಾರತದಲ್ಲಿ ನಡೆದ ಮಧ್ಯಸ್ಥಿಕೆಯಲ್ಲಿ ಮಾರಿದವರಿಗೆ ಏನೂ ಸಿಗಲಿಲ್ಲ. ಒಪ್ಪಂದದಲ್ಲೇ ಇದ್ದ ಅವಕಾಶ ಬಳಸಿ ಅವರು ಲಂಡನ್ನಿನಲ್ಲಿ ಎರಡನೇ ಹಂತದ ಮಧ್ಯಸ್ಥಿಕೆಗೆ ಹೋದರು. 2001ರಲ್ಲಿ ಅಲ್ಲಿನ ತೀರ್ಪು ಅವರ ಪರ ಬಂತು. ಅದು ಭಾರತದಲ್ಲಿ ಜಾರಿಯಾಗಬಹುದೇ ಎಂಬ ಪ್ರಶ್ನೆ ಕೋಲ್ಕತ್ತದಿಂದ ದೆಹಲಿಯವರೆಗೆ ಅಲೆದು, ಸುಪ್ರೀಂ ಕೋರ್ಟ್ ಮುಂದೆ ಮತ್ತೆ ಮತ್ತೆ ಬಂದು, 2020ರ ಜೂನ್‌ನಲ್ಲಿ ಮುಗಿಯಿತು. ತೀರ್ಪು ಜಾರಿಯಾಗಬೇಕು ಎಂದು ಕೋರ್ಟ್ ಹೇಳಿತು.

ಇಷ್ಟಾದರೂ ಹೊರದೇಶದವರ ಜೊತೆಗಿನ ಒಪ್ಪಂದದಲ್ಲಿ ಮಧ್ಯಸ್ಥಿಕೆಯ ಷರತ್ತು ಬೇಕೇ ಬೇಕು. ಚಳ್ಳಕೆರೆಯ ಸಿವಿಲ್ ಕೋರ್ಟಿನಲ್ಲಿ ಚೀನಾದ ಕಾರ್ಖಾನೆಯ ಮೇಲೆ ದಾವೆ ಹೂಡಿ ಗೆದ್ದರೂ ಡಿಕ್ರಿಯನ್ನು ಅಲ್ಲಿ ಜಾರಿ ಮಾಡಿಸುವ ಒಪ್ಪಂದ ಎರಡು ದೇಶಗಳ ನಡುವೆ ಇಲ್ಲ. ಮಧ್ಯಸ್ಥಿಕೆಯ ತೀರ್ಪಿನ ಕಥೆ ಬೇರೆ. 1958ರ ನ್ಯೂಯಾರ್ಕ್ ಒಡಂಬಡಿಕೆಗೆ ಭಾರತ, ಚೀನಾ ಎರಡೂ ಸೇರಿವೆ. ಚೀನಾವನ್ನು ಈ ಒಡಂಬಡಿಕೆಯ ಪ್ರದೇಶವೆಂದು ಭಾರತ 2012ರಲ್ಲಿ ಅಧಿಸೂಚನೆ ಹೊರಡಿಸಿತು. ವಿಚಾರಣೆ ಎಲ್ಲಿ ನಡೆಯಬೇಕು ಎಂಬುದನ್ನೂ ಬರೆಯಬೇಕು. ನಮ್ಮ ವ್ಯಾಪಾರಿಗಳು ಹೆಚ್ಚಾಗಿ ಒಪ್ಪುವ ಊರು ಸಿಂಗಪುರ. ಅಲ್ಲಿನ ಅಂತರರಾಷ್ಟ್ರೀಯ ಮಧ್ಯಸ್ಥಿಕೆ ಕೇಂದ್ರ 2025ರ ಜನವರಿಯಿಂದ ಜಾರಿಗೆ ತಂದ ನಿಯಮಗಳಲ್ಲಿ, ಹತ್ತು ಲಕ್ಷ ಸಿಂಗಪುರ ಡಾಲರ್ ಮೀರದ ವಿವಾದಗಳಿಗೆ ಮೂರು ತಿಂಗಳಲ್ಲಿ ತೀರ್ಪು ಕೊಡುವ ಚುಟುಕು ವಿಧಾನ ಇದೆ. ಬೆಂಗಳೂರಿನಲ್ಲೂ ಹೈಕೋರ್ಟ್ ಆಶ್ರಯದ ಮಧ್ಯಸ್ಥಿಕೆ ಕೇಂದ್ರವೊಂದು ಅಂತರರಾಷ್ಟ್ರೀಯ ವಿವಾದಗಳನ್ನು ನಡೆಸುತ್ತದೆ.

ಶೇಂಗಾ ಸೀಮೆಯ ಪಾಠ

ಮೊಳಕಾಲ್ಮೂರಿನಿಂದ ದಕ್ಷಿಣಕ್ಕೆ ಇಳಿದರೆ ಚಳ್ಳಕೆರೆ, ಎಣ್ಣೆ ನಗರಿ. ಸುತ್ತಲಿನ ಮಳೆಯಾಶ್ರಿತ ಹೊಲಗಳ ಶೇಂಗಾ ಇಲ್ಲಿನ ಮಾರುಕಟ್ಟೆಗೆ ಬಂದು, ಮಿಲ್ಲುಗಳಲ್ಲಿ ಎಣ್ಣೆಯಾಗಿ, ಹಿಂಡಿಯಾಗಿ ಊರೂರಿಗೆ ಹೋಗುತ್ತಿತ್ತು. 1994ರಲ್ಲಿ ತಾಳೆ ಎಣ್ಣೆಯ ಆಮದು ಮುಕ್ತವಾದ ಮೇಲೆ ದೇಶದ ಅಡುಗೆಮನೆಯ ಎಣ್ಣೆ ಬದಲಾಯಿತು. ಈಗ ಭಾರತ ಬಳಸುವ ಅಡುಗೆ ಎಣ್ಣೆಯ ಅರ್ಧಕ್ಕಿಂತ ಹೆಚ್ಚು ಹೊರಗಿನಿಂದ ಬರುತ್ತದೆ. 2022ರ ಏಪ್ರಿಲ್ 28ರಂದು ಇಂಡೊನೇಷ್ಯಾ ತಾಳೆ ಎಣ್ಣೆಯ ರಫ್ತನ್ನು ನಿಲ್ಲಿಸಿ, ಮೇ 23ರಂದು ಮತ್ತೆ ತೆರೆಯಿತು. ಆ ಮೂರೂವರೆ ವಾರಗಳ ಮಟ್ಟಿಗೆ ಆಮದುದಾರರ ಮುಂದೆ ಇದ್ದ ಪ್ರಶ್ನೆ ಒಂದೇ: ಸರ್ಕಾರವೇ ತಡೆದಾಗ ಮಾತು ಮುರಿದವರು ಯಾರು?

ಇದೇ ಪ್ರಶ್ನೆ ನಲವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ಶೇಂಗಾದ ವಿಷಯದಲ್ಲೇ ಎದ್ದಿತ್ತು, ಆಗ ಮಾರುವವರು ನಾವು. 1980ರ ಆರಂಭದಲ್ಲಿ ಕೃಷಿ ಸಹಕಾರಿ ಮಾರಾಟ ಒಕ್ಕೂಟವಾದ ನಾಫೆಡ್ ಕೈಯಿಂದ ಆರಿಸಿದ 5,000 ಟನ್ ಶೇಂಗಾ ಬೀಜ ಕಳಿಸುವುದಾಗಿ ಅಲಿಮೆಂಟಾ ಎಂಬ ವಿದೇಶಿ ಕಂಪನಿಗೆ ಒಪ್ಪಿಕೊಂಡಿತು. 1,900 ಟನ್ ಹೋಯಿತು. ಬೆಳೆ ಕೈಕೊಟ್ಟದ್ದರಿಂದ ಉಳಿದ 3,100 ಟನ್ನನ್ನು ಮುಂದಿನ ಹಂಗಾಮಿನಲ್ಲಿ ಕೊಡುವ ಮಾತಾಯಿತು. ಆದರೆ ಹಿಂದಿನ ವರ್ಷದ ಕೋಟಾವನ್ನು ಮುಂದಕ್ಕೆ ಒಯ್ಯಲು ಕೇಂದ್ರ ಸರ್ಕಾರ ಅನುಮತಿ ಕೊಡಲಿಲ್ಲ. ಎಣ್ಣೆಬೀಜ ವ್ಯಾಪಾರದ ಲಂಡನ್ ಒಕ್ಕೂಟವಾದ ಫೋಸ್ಫಾದ ಮಧ್ಯಸ್ಥಗಾರರು 1989ರಲ್ಲಿ ನಾಫೆಡ್ 46.81 ಲಕ್ಷ ಡಾಲರ್ ಮತ್ತು ಬಡ್ಡಿ ಕೊಡಬೇಕೆಂದರು. ಮೇಲ್ಮನವಿಯಲ್ಲಿ ಬಡ್ಡಿ ಇನ್ನೂ ಏರಿತು. ದೆಹಲಿ ಹೈಕೋರ್ಟ್ ಆ ತೀರ್ಪನ್ನು ಎತ್ತಿಹಿಡಿಯಿತು.

2020ರ ಏಪ್ರಿಲ್ 22ರಂದು ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ಸರ್ಕಾರ ರಫ್ತು ನಿಷೇಧಿಸಿದರೆ ಒಪ್ಪಂದ ರದ್ದಾಗುತ್ತದೆ ಎಂಬ ಷರತ್ತು ಆ ಒಪ್ಪಂದದ 14ನೇ ಕಲಮಿನಲ್ಲೇ ಇತ್ತು. ಅನುಮತಿಯಿಲ್ಲದೆ ಸರಕು ಕಳಿಸುವುದು ಕಾನೂನಿಗೆ ವಿರುದ್ಧವಾಗುತ್ತಿತ್ತು ಎಂದು ಕೋರ್ಟ್ ಹೇಳಿತು. ವಿದೇಶಿ ತೀರ್ಪುಗಳಲ್ಲಿ ಭಾರತದ ಕೋರ್ಟುಗಳು ಇಷ್ಟು ಆಳಕ್ಕೆ ಇಳಿಯಬಾರದು ಎಂದು ಅನೇಕ ಕಾನೂನು ತಜ್ಞರು ಇದನ್ನು ಟೀಕಿಸಿದರು. ಆ ಚರ್ಚೆ ಏನೇ ಇರಲಿ, ವ್ಯಾಪಾರಿ ಗಮನಿಸಬೇಕಾದದ್ದು 14ನೇ ಕಲಮು. ಇವತ್ತು ತಾಳೆ ಎಣ್ಣೆ ಕೊಳ್ಳುವವನು ಒಪ್ಪಂದದಲ್ಲಿ ಬೆಲೆಯ ಸಾಲಿನಷ್ಟೇ ಗಮನವಿಟ್ಟು ಈ ನಿಷೇಧದ ಸಾಲನ್ನೂ ಮೊದಲೇ ಓದಬೇಕು.

ಒಬ್ಬನ ದೂರಲ್ಲ, ಊರಿನ ದೂರು

ಸರಕಿನಲ್ಲಿ ದೋಷವೇ ಇಲ್ಲ, ಆದರೆ ಬೆಲೆ ಇಲ್ಲಿನವರನ್ನು ಮುಳುಗಿಸುವಷ್ಟು ಕಡಿಮೆ ಎಂಬುದೂ ದೂರದ ತಯಾರಕರ ಮೇಲಿನ ತಕರಾರೇ. ಇದಕ್ಕೆ ಒಬ್ಬಂಟಿ ದಾವೆ ನಿಲ್ಲುವುದಿಲ್ಲ. 1975ರ ಕಸ್ಟಮ್ಸ್ ಸುಂಕ ಕಾಯ್ದೆಯ 9ಎ ಸೆಕ್ಷನ್ ಅಡಿಯಲ್ಲಿ ಆ್ಯಂಟಿ ಡಂಪಿಂಗ್ ಸುಂಕ ಕೇಳಬೇಕಾದರೆ, ದೂರು ಕೊಡುವವರು ಮತ್ತು ಅದನ್ನು ಬೆಂಬಲಿಸುವವರು ಒಟ್ಟಾಗಿ ದೇಶದ ಉತ್ಪಾದನೆಯಲ್ಲಿ ಕನಿಷ್ಠ ಕಾಲು ಭಾಗ ಹೊಂದಿರಬೇಕು. ಸಾವಿರಾರು ಸಣ್ಣ ಮನೆಗಳಲ್ಲಿ ನಡೆಯುವ ನೂಲು ಬಿಚ್ಚಾಣಿಕೆಯಂಥ ಉದ್ಯಮಕ್ಕೆ ಈ ಲೆಕ್ಕ ಒಟ್ಟುಮಾಡುವುದೇ ದೊಡ್ಡ ಕೆಲಸ.

ಆದರೂ ಅದು ನಡೆಯಿತು. ಚೀನಾದ ಕಚ್ಚಾ ರೇಷ್ಮೆಯ ಮೇಲೆ 2003ರಲ್ಲಿ ಆ್ಯಂಟಿ ಡಂಪಿಂಗ್ ಸುಂಕ ಬಂತು, ಐದು ವರ್ಷದ ನಂತರವೂ ಮುಂದುವರಿಯಿತು. ಅನ್ವಯವಾದದ್ದು 2ಎ ಮತ್ತು ಅದಕ್ಕಿಂತ ಕೆಳಗಿನ ದರ್ಜೆಗೆ. ಹಾಗಾಗಿ ನೂಲು 2ಎಯೋ 3ಎಯೋ ಎಂಬ ಪ್ರಯೋಗಾಲಯದ ಮಾತು ಸುಂಕವನ್ನೇ ತೀರ್ಮಾನಿಸುವಂತಾಯಿತು.

ಈ ಜಗಳದಲ್ಲಿ ಕರ್ನಾಟಕ ಒಂದೇ ಕಡೆ ನಿಂತಿರಲಿಲ್ಲ. ಗೂಡು ಬೆಳೆಯುವವರಿಗೆ, ಬಿಚ್ಚಾಣಿಕೆದಾರರಿಗೆ ಸುಂಕ ರಕ್ಷೆ. ನೂಲು ಕೊಳ್ಳುವ ನೇಕಾರನಿಗೆ ಅದೇ ಹೊರೆ. 2011ರ ಬಜೆಟ್ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ 5ಕ್ಕೆ ಇಳಿಸಿದಾಗ ಗೂಡಿನ ಬೆಲೆ ಕುಸಿದು ಬೆಳೆಗಾರರು ಬೀದಿಗಿಳಿದರು. 2013ರಲ್ಲಿ ಅದು ಶೇ 15ಕ್ಕೆ ಏರಿತು. ನಡುವೆ ಇಳಿದು, 2021ರಲ್ಲಿ ಮತ್ತೆ ಶೇ 10ರಿಂದ 15ಕ್ಕೆ ಬಂತು. ಬಜೆಟ್ಟಿನ ಈ ಏರಿಳಿತ ಹಾಗಿರಲಿ, ಆ್ಯಂಟಿ ಡಂಪಿಂಗ್ ಸುಂಕದ ತೀರ್ಮಾನದಲ್ಲಿ ಮೊಳಕಾಲ್ಮೂರಿನ ಮಗ್ಗಗಳ ಲೆಕ್ಕವೂ ಸೇರಬೇಕಾದರೆ ತನಿಖೆಯ ಕಡತದೊಳಗೆ ಅವರ ಅರ್ಜಿ ಇರಬೇಕು. ತನಿಖೆ ನಡೆಸುವ ವಾಣಿಜ್ಯ ಪರಿಹಾರಗಳ ಮಹಾನಿರ್ದೇಶನಾಲಯ ಸರಕು ಬಳಸುವವರ ಅಭಿಪ್ರಾಯವನ್ನೂ ಕೇಳುತ್ತದೆ. ನೇಕಾರರ ಸಹಕಾರ ಸಂಘಗಳಿಗೂ ಉತ್ತರ ಕೊಡುವ ಹಕ್ಕಿದೆ.

ಸರಕು ಬಂದ ಮೇಲಿನ ದಿನಗಳು

ದೋಷದ ಸರಕು ಬಂದೇ ಬಿಟ್ಟರೆ ಮೊದಲ ಮೂವತ್ತು ದಿನ ಬೆಲೆಬಾಳುವವು. 1962ರ ಕಸ್ಟಮ್ಸ್ ಕಾಯ್ದೆಯ 26ಎ ಸೆಕ್ಷನ್ ಪ್ರಕಾರ, ಒಪ್ಪಿದ ಗುಣಮಟ್ಟಕ್ಕೆ ಹೊಂದದ ಸರಕನ್ನು ಬಳಸದೆ, ಬಿಡುಗಡೆಯ ಆದೇಶದಿಂದ 30 ದಿನದೊಳಗೆ ವಾಪಸ್ ಕಳಿಸಿದರೆ ಅಥವಾ ಅದರ ಹಕ್ಕು ಬಿಟ್ಟುಕೊಟ್ಟರೆ ಕಟ್ಟಿದ ಆಮದು ಸುಂಕ ಮರಳಿ ಸಿಗುತ್ತದೆ. ತಕ್ಕ ಕಾರಣವಿದ್ದರೆ ಈ ಗಡುವನ್ನು ಮೂರು ತಿಂಗಳವರೆಗೆ ವಿಸ್ತರಿಸಬಹುದು. ನೂಲಿಗೆ ಬಣ್ಣ ಹಾಕಿಬಿಟ್ಟರೆ ಆ ದಾರಿ ಮುಚ್ಚುತ್ತದೆ. ತಯಾರಕನಿಗೆ ಬರವಣಿಗೆಯಲ್ಲಿ ದೂರು ಕಳಿಸುವುದೂ, ವಿಮಾ ಕಂಪನಿಯ ಸರ್ವೇಯರ್‌ ಕರೆಸುವುದೂ ಇದೇ ದಿನಗಳಲ್ಲಿ ಆಗಬೇಕು.

ವಕೀಲರ ಖರ್ಚಿಲ್ಲದ ಇನ್ನೊಂದು ಬಾಗಿಲು ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ್ದು. ವಿದೇಶ ವ್ಯಾಪಾರ ನೀತಿಯ ಎಂಟನೇ ಅಧ್ಯಾಯದ ಪ್ರಕಾರ ಅದರ ಪ್ರಾದೇಶಿಕ ಕಚೇರಿಗಳಲ್ಲಿ ಗುಣಮಟ್ಟದ ದೂರು ಮತ್ತು ವ್ಯಾಪಾರ ವಿವಾದಗಳ ಸಮಿತಿಗಳಿವೆ. ವಿದೇಶಿ ಮಾರಾಟಗಾರರ ಮೇಲೆ ಭಾರತದ ಆಮದುದಾರರು ಕೊಡುವ ದೂರನ್ನೂ ಇವು ಸ್ವೀಕರಿಸುತ್ತವೆ. ಇವು ಕೋರ್ಟಿನಂತೆ ದಂಡ ವಿಧಿಸಲಾರವು. ಅಲ್ಲಿನ ಭಾರತೀಯ ರಾಯಭಾರ ಕಚೇರಿಯ ಮೂಲಕ ತಯಾರಕನ ಬಾಗಿಲು ತಟ್ಟಿಸಬಲ್ಲವು.

ಎರಡು ತಾಲ್ಲೂಕುಗಳ ಚಿಕ್ಕ ಮಾಲೀಕರು, ಮಿಲ್ಲಿನವರು ಒಬ್ಬೊಬ್ಬರಾಗಿ ಇಷ್ಟೆಲ್ಲ ಮಾಡಲಾರರು. ತಪಾಸಣೆಯ ಶುಲ್ಕ ಒಂದು ಬೇಲ್‌ಗೆ ಭಾರ, ನೂರು ಬೇಲ್‌ಗೆ ಹಗುರ. ನೇಕಾರರ ಸಂಘಗಳು ಕೂಡಿ ಕೊಂಡರೆ, ಮೊಹರು ಮಾಡಿದ ನೂಲಿನ ಮಾದರಿಯೊಂದನ್ನು ಬೆಂಗಳೂರಿನಲ್ಲಿರುವ ಕೇಂದ್ರ ರೇಷ್ಮೆ ತಾಂತ್ರಿಕ ಸಂಶೋಧನಾ ಸಂಸ್ಥೆಯಲ್ಲಿ ಪರೀಕ್ಷೆ ಮಾಡಿಸಿ ಇಟ್ಟುಕೊಂಡರೆ, ತಕರಾರಿನ ದಿನ ತೋರಿಸಲು ಸಾಕ್ಷ್ಯವಿರುತ್ತದೆ. ಒಣ ತೂಕ, ದರ್ಜೆ, ದೂರು ಕೊಡುವ ಗಡುವು, ಮಧ್ಯಸ್ಥಿಕೆಯ ಊರು: ಈ ನಾಲ್ಕು ಅಂಶಗಳಿರುವ ಮಾದರಿ ಒಪ್ಪಂದವೊಂದನ್ನು ಕೇಂದ್ರ ರೇಷ್ಮೆ ಮಂಡಳಿ ಮತ್ತು ಚಿತ್ರದುರ್ಗದ ಜಿಲ್ಲಾ ಕೈಗಾರಿಕಾ ಕೇಂದ್ರ ಸೇರಿ ಕನ್ನಡದಲ್ಲಿ ಸಿದ್ಧಪಡಿಸಿ, ಅದರ ಇಂಗ್ಲಿಷ್ ಪ್ರತಿಯೊಂದಿಗೆ ಪ್ರತಿ ಸಂಘದ ಕಚೇರಿಗೂ ತಲುಪಿಸಬೇಕು. ಮುಂದಿನ ನೂಲಿನ ಆರ್ಡರ್ ಹೋಗುವ ಮೊದಲೇ ಅದು ನೇಕಾರರ ಕೈಗೆ ಸಿಗಬೇಕು.