ಹಳೆ ಕಾರಿಗೆ ನ್ಯಾಯವಾದ ಬೆಲೆ ಕಟ್ಟುವುದು ಹೇಗೆ?

ಹಳೆಯ ಪ್ರೀಮಿಯರ್ ಪದ್ಮಿನಿ ಕಾರೊಂದನ್ನು ಒಬ್ಬರು 80,000 ರೂಪಾಯಿಗೆ ಕೊಂಡರು. ತುಕ್ಕು ತೆಗೆದು, ಪೇಂಟ್ ಮಾಡಿ, ಎಂಜಿನ್ ಬಿಚ್ಚಿ ಮತ್ತೆ ಕಟ್ಟಲು 3,40,000 ರೂಪಾಯಿ ಖರ್ಚಾಯಿತು. ಈಗ ಅದನ್ನು ಎಷ್ಟಕ್ಕೆ ಮಾರಬೇಕು? ಈ ಪ್ರಶ್ನೆಯನ್ನು ನಮ್ಮ ತರಗತಿಯಲ್ಲಿ ಕೇಳಿದಾಗ ಹೆಚ್ಚಿನವರು, "ಅಸಲು 4,20,000. ಅದರ ಮೇಲೆ ಲಾಭ ಸೇರಿಸಿ 5 ಲಕ್ಷ" ಎಂದರು. ಕಾಮರ್ಸ್ ವಿದ್ಯಾರ್ಥಿಗಳು ಹೀಗೆ ಹೇಳುವುದು ಸಹಜ. ಆದರೆ ಹಳೆ ಕಾರಿನ ವಿಷಯದಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಏಕೆ ಎಂದು ನೋಡೋಣ.

ಈ ಅಂಕಿಗಳು ನನ್ನ ಮಾಮುವಿನ ಕಾರಿನವು. ಅವರದು ಸಣ್ಣ ಟಿಂಕರಿಂಗ್ ಶೆಡ್. ಈ ಕಾರಿಗೆ ಹಾಕಿದ ಹಣದಲ್ಲಿ 2 ಲಕ್ಷ ರೂಪಾಯಿ ನಮ್ಮ ಖಾಲೂ ಅವರಿಂದ ಕೈಗಡವಾಗಿ ತಂದದ್ದು. ಡಿಸೆಂಬರ್‌ನಲ್ಲಿ ಖಾಲೂ ಅವರ ಮಗಳ ಮದುವೆ. ಅಷ್ಟರೊಳಗೆ ಹಣ ವಾಪಸ್ ಹೋಗಬೇಕು. ಕಾರು ಸಿದ್ಧವಾಗಿ ಐದು ತಿಂಗಳಾದರೂ 5 ಲಕ್ಷಕ್ಕೆ ಯಾರೂ ಕೊಳ್ಳಲಿಲ್ಲ.

ಕಾರ್ಖಾನೆಯ ಬೆಲೆ ಬೇರೆ

ಅಸಲಿನ ಮೇಲೆ ಲಾಭ ಸೇರಿಸುವ ಪದ್ಧತಿ ತಪ್ಪಲ್ಲ. ಅದಕ್ಕೂ ಒಂದು ಜಾಗವಿದೆ. ಫಿಯಟ್ 1100 ಕಾರನ್ನು ನಮ್ಮ ದೇಶದಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಕಂಪನಿ ಬೊಂಬಾಯಿಯ ಕುರ್ಲಾದಲ್ಲಿ ತಯಾರಿಸುತ್ತಿತ್ತು. ಇದೇ ಕಾರು 1970ರ ದಶಕದಲ್ಲಿ 'ಪದ್ಮಿನಿ' ಎಂಬ ಹೆಸರು ಪಡೆಯಿತು. ಆಗ ಕಾರು ಬುಕ್ ಮಾಡಿದವರು ವರ್ಷಗಟ್ಟಲೆ ಕಾಯಬೇಕಿತ್ತು. ಅದಕ್ಕಾಗಿ ಕೇಂದ್ರ ಸರ್ಕಾರವೇ 1969ರಲ್ಲಿ ಕಾರುಗಳ ಮಾರಾಟ ಬೆಲೆಯನ್ನು ನಿಗದಿ ಮಾಡಿತು. ಕಂಪನಿಗಳು ಒಪ್ಪದೆ ಸುಪ್ರೀಂ ಕೋರ್ಟಿಗೆ ಹೋದವು. 1971ರ ತೀರ್ಪಿನಲ್ಲಿ ಕೋರ್ಟು ನ್ಯಾಯಬೆಲೆಯೊಳಗೆ ತಯಾರಿಕೆಯ ವೆಚ್ಚವೂ ಹಾಕಿದ ಬಂಡವಾಳಕ್ಕೆ ತಕ್ಕ ಪ್ರತಿಫಲವೂ ಇರಬೇಕು ಎಂಬ ದಾರಿಯಲ್ಲಿ ಲೆಕ್ಕ ಹಾಕಿತು.

ಕಾರ್ಖಾನೆಗೆ ಇದು ಸರಿ. ಅಸಲು ಹುಟ್ಟದಿದ್ದರೆ ಅದು ನಾಳೆ ಮತ್ತೊಂದು ಕಾರು ತಯಾರಿಸುವುದಿಲ್ಲ. ಆದರೆ ಮಾಮುವಿನ ಶೆಡ್ಡಿನಲ್ಲಿ ನಿಂತಿರುವುದು ಒಂದೇ ಕಾರು. ಅದಕ್ಕೆ ಎಷ್ಟು ಖರ್ಚಾಯಿತು ಎಂಬುದು ಕೊಳ್ಳುವವನಿಗೆ ಬೇಕಿಲ್ಲ. ಇಂಥದೇ ಇನ್ನೊಂದು ಕಾರು ಬೇರೆ ಕಡೆ ಎಷ್ಟಕ್ಕೆ ಸಿಗುತ್ತದೆ ಎಂದು ಅವನು ನೋಡುತ್ತಾನೆ. ನಮ್ಮ ಮನೆಮಾತು ಉರ್ದುವಿನಲ್ಲಿ ಖರ್ಚಾದದ್ದಕ್ಕೆ 'ಲಾಗತ್' ಎನ್ನುತ್ತಾರೆ, ಬೆಲೆಗೆ 'ಕೀಮತ್' ಎನ್ನುತ್ತಾರೆ. ಕನ್ನಡದ 'ಕಿಮ್ಮತ್ತು' ಕೂಡ ಅದೇ ಪದ. ಲಾಗತ್ ನಮ್ಮ ಬಿಲ್ಲುಗಳಲ್ಲಿ ಇರುತ್ತದೆ, ಕೀಮತ್ ಮಾರುಕಟ್ಟೆಯಲ್ಲಿ ಇರುತ್ತದೆ.

ನಮ್ಮ ಪಠ್ಯದಲ್ಲೂ ಇದು ಇದೆ. ಅಂತಿಮ ಸರಕನ್ನು ಅಸಲು ಬೆಲೆ ಅಥವಾ ಮಾರುಕಟ್ಟೆ ಬೆಲೆ, ಇವೆರಡರಲ್ಲಿ ಯಾವುದು ಕಡಿಮೆಯೋ ಅದರಲ್ಲಿ ತೋರಿಸಬೇಕು ಎಂದು ಓದಿದ್ದೇವೆ. ಮಾಮುವಿನ ಕಾರು ಮಾರಾಟವಾಗದ ಅಂತಿಮ ಸರಕು ಎಂದುಕೊಂಡರೆ ವಿಷಯ ಅರ್ಥವಾಗುತ್ತದೆ.

ಬೆಲೆ ಎಲ್ಲಿಂದ ಬರುತ್ತದೆ?

ಮೊದಲನೆಯದು, ಕಾರಿನ ಸ್ಥಿತಿ. ಹೊಳೆಯುವ ಪೇಂಟ್ ನೋಡಿ ನಿರ್ಧರಿಸಬಾರದು. ತುಕ್ಕು ಹಿಡಿದ ಜಾಗದಲ್ಲಿ ಹೊಸ ತಗಡು ಬೆಸುಗೆ ಹಾಕಿದ್ದಾರೋ, ಪುಟ್ಟಿ ತುಂಬಿದ್ದಾರೋ ನೋಡಬೇಕು. ದಪ್ಪ ಪುಟ್ಟಿಯ ಮೇಲೆ ಅಯಸ್ಕಾಂತ ಸರಿಯಾಗಿ ಹಿಡಿಯುವುದಿಲ್ಲ. ತಿಳಿದವರು ಕಾರು ನೋಡಲು ಬರುವಾಗ ಅಯಸ್ಕಾಂತ ಜೇಬಿನಲ್ಲಿಟ್ಟುಕೊಂಡೇ ಬರುತ್ತಾರೆ.

ಎರಡನೆಯದು, ಅಸಲಿತನ. ಹಳೆ ಪದ್ಮಿನಿಗೆ 1,089 ಸಿಸಿ ಪೆಟ್ರೋಲ್ ಎಂಜಿನ್, ಸ್ಟಿಯರಿಂಗ್ ಪಕ್ಕದಲ್ಲಿ ಕೈ ಗೇರು. ಬೇರೆ ಎಂಜಿನ್ ಕೂರಿಸಿದ್ದರೆ ಓಡಿಸಲು ಸುಲಭವಾಗಬಹುದು, ಆದರೆ ಹಳೆ ಕಾರನ್ನು ಪ್ರೀತಿಸಿ ಕೊಳ್ಳುವವರು ಅದಕ್ಕೆ ಕಡಿಮೆ ಕೊಡುತ್ತಾರೆ.

ಮೂರನೆಯದು, ಕಾಗದಪತ್ರ. ಎಂಜಿನ್ ಮತ್ತು ಚಾಸಿಸ್ ನಂಬರ್ ಆರ್‌ಸಿಗೆ ಹೊಂದಬೇಕು. ಸ್ವಂತ ಬಳಕೆಯ ಕಾರಿಗೆ 15 ವರ್ಷವಾದ ಮೇಲೆ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು. 2021ರ ಕೇಂದ್ರ ನಿಯಮದ ಪ್ರಕಾರ 50 ವರ್ಷ ಮೀರಿದ, ಮೂಲರೂಪದಲ್ಲೇ ಇರುವ ವಾಹನ ಮಾತ್ರ 'ವಿಂಟೇಜ್' ಎಂದು ನೋಂದಣಿಯಾಗುತ್ತದೆ. ಅದಕ್ಕೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಅಂಥ ವಾಹನವನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಮಾಮುವಿನ ಕಾರು 1984ರದು. ಆದ್ದರಿಂದ ಅದನ್ನು 'ವಿಂಟೇಜ್' ಎಂದು ಹೇಳಿ ಹೆಚ್ಚು ಬೆಲೆ ಕೇಳುವುದು ಸರಿಯಲ್ಲ.

ನಾಲ್ಕನೆಯದು, ಇಂಥ ಕಾರುಗಳು ನಿಜವಾಗಿ ಮಾರಾಟವಾದ ಬೆಲೆ. ಮಾರುವವರು ಕೇಳುವ ಬೆಲೆಯನ್ನು ಲೆಕ್ಕಕ್ಕೆ ಹಿಡಿಯಬಾರದು. ಯಾರು ಬೇಕಾದರೂ 6 ಲಕ್ಷ ಕೇಳಬಹುದು. ಹಣ ಕೈಬದಲಾದದ್ದು ಎಷ್ಟಕ್ಕೆ ಎಂಬುದೇ ಮುಖ್ಯ.

ಮಾಮುವಿನ ಕಾರಿನ ಲೆಕ್ಕ

ಮಾಮು ತಮಗೆ ಪರಿಚಯವಿರುವ ಬ್ರೋಕರ್‌ಗಳನ್ನು ವಿಚಾರಿಸಿದರು. ಕಳೆದ ಒಂದು ವರ್ಷದಲ್ಲಿ ಅವರ ಮೂಲಕ ಎರಡು ಪದ್ಮಿನಿಗಳು ಮಾರಾಟವಾಗಿದ್ದವು. ಚೆನ್ನಾಗಿ ಸಿದ್ಧಪಡಿಸಿದ್ದು 3,40,000ಕ್ಕೆ, ಓಡುವ ಸ್ಥಿತಿಯಲ್ಲಿದ್ದ ಸಾಧಾರಣ ಕಾರು 2,30,000ಕ್ಕೆ. ಮಾಮುವಿನ ಕಾರು ಮೊದಲನೆಯದಕ್ಕೆ ಹತ್ತಿರವಿದೆ. ಹಾಗಾಗಿ 3,40,000ದಿಂದ ಹೊರಟು, ಎರಡು ಕಾರುಗಳ ನಡುವಿನ ವ್ಯತ್ಯಾಸಕ್ಕೆ ಕೂಡಿಸಿ ಕಳೆದೆವು.

ಸೀಟುಗಳ ರೆಕ್ಸಿನ್ ಹಳೆಯ ವಿನ್ಯಾಸದ್ದಲ್ಲ: 20,000 ಕಳೆಯಬೇಕು.
ಮುಂದಿನ ಗ್ರಿಲ್ ಮತ್ತು ಬಂಪರ್ ಡುಪ್ಲಿಕೇಟ್: 15,000 ಕಳೆಯಬೇಕು.
ಐದೂ ಟೈರ್ ಹೊಸದು: 10,000 ಕೂಡಿಸಬೇಕು.
ಒಟ್ಟು: 3,15,000.

ಇದು ನ್ಯಾಯವಾದ ಬೆಲೆ. ಚೌಕಾಸಿ ಇದ್ದೇ ಇರುವುದರಿಂದ 3,35,000 ಎಂದು ಹೇಳಿ, 2,95,000ಕ್ಕಿಂತ ಕೆಳಗೆ ಇಳಿಯಬಾರದು ಎಂದು ಮೊದಲೇ ಗೆರೆ ಹಾಕಿಕೊಂಡೆವು. ಒಬ್ಬರು ಈಗಾಗಲೇ 3 ಲಕ್ಷಕ್ಕೆ ಕೇಳಿದ್ದಾರೆ.

3,15,000ಕ್ಕೇ ಹೋದರೂ 1,05,000 ನಷ್ಟ. ಈ ಲೆಕ್ಕ ನೋಡಿ ಮಾಮು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಹಾಗಾದ್ರೆ ನನ್ನ ಕೈಕೆಲಸಕ್ಕೆ ಕೀಮತ್ತೇ ಇಲ್ವಾ ಬೇಟಾ?" ಎಂದರು. ಅವರ ಸ್ವಂತ ದುಡಿಮೆಯ ಕೂಲಿ ಆ 4,20,000ದಲ್ಲಿ ಸೇರಿಯೇ ಇಲ್ಲ.

ಇದಕ್ಕೆ ಉತ್ತರ ಹೀಗಿದೆ. ಕೆಲಸಕ್ಕೆ ಕಿಮ್ಮತ್ತು ಖಂಡಿತ ಇದೆ. ಗಿರಾಕಿಯ ಕಾರನ್ನು ರಿಪೇರಿ ಮಾಡಿದರೆ ಕೂಲಿ ಗಿರಾಕಿ ಕೊಡುತ್ತಾನೆ, ಬೆಲೆ ಇಳಿಯುವ ಭಯವೂ ಅವನದೇ. ತಾನೇ ಕಾರು ಕೊಂಡು ರಿಪೇರಿ ಮಾಡಿ ಮಾರುವವನು ಕೂಲಿಗಾರನೂ ಹೌದು, ವ್ಯಾಪಾರಿಯೂ ಹೌದು. ಮಾಮುವಿನ ಕೈಕೆಲಸ ಗೆದ್ದಿದೆ, ವ್ಯಾಪಾರ ಸೋತಿದೆ. ಎರಡನ್ನೂ ಬೇರೆ ಬೇರೆ ಖಾತೆಯಲ್ಲಿ ಬರೆಯಬೇಕು.

ಕಾಯುವುದಕ್ಕೂ ಖರ್ಚಿದೆ

"ಮಾರದೆ ಇಟ್ಟರೆ ಮುಂದೆ ಬೆಲೆ ಬರಬಹುದಲ್ಲ?" ಎಂದು ಕೆಲವರು ಕೇಳುತ್ತಾರೆ. ಬರಬಹುದು. ಆದರೆ ಶೆಡ್ಡಿನಲ್ಲಿ ಎರಡೇ ಕಾರಿಗೆ ಜಾಗ. ಆ ಜಾಗದಲ್ಲಿ ಗಿರಾಕಿಯ ಕಾರು ನಿಂತರೆ ತಿಂಗಳಿಗೆ ಸುಮಾರು 5,000 ಉಳಿಯುತ್ತದೆ. ಐದು ತಿಂಗಳಿಗೆ 25,000 ಹೋಯಿತು. ಅರ್ಥಶಾಸ್ತ್ರದಲ್ಲಿ ಇದನ್ನು ಅವಕಾಶ ವೆಚ್ಚ ಎನ್ನುತ್ತೇವೆ. ಇದು ಯಾವ ಬಿಲ್ಲಿನಲ್ಲೂ ಕಾಣುವುದಿಲ್ಲ. ಖರ್ಚಾಗಿಹೋದ 4,20,000 ಮಾತ್ರ ಮಾರಿದರೂ ಮಾರದಿದ್ದರೂ ಬದಲಾಗುವುದಿಲ್ಲ. ಆದ್ದರಿಂದ ಇವತ್ತಿನ ತೀರ್ಮಾನಕ್ಕೆ ಅದನ್ನು ಆಧಾರ ಮಾಡಿಕೊಳ್ಳಬಾರದು.

ಹಾಗಾದರೆ ಬಿಲ್ಲುಗಳನ್ನು ಎಸೆಯಬೇಕೇ? ಬೇಡ. ಪೇಂಟಿನ ಕೆಳಗೆ ಏನಿದೆ ಎಂದು ಕೊಳ್ಳುವವನಿಗೆ ಕಾಣದು. ಬಿಲ್ಲುಗಳು, ಕೆಲಸ ನಡೆಯುವಾಗ ತೆಗೆದ ಫೋಟೊಗಳು, ಯಾವ ಭಾಗ ಡುಪ್ಲಿಕೇಟ್ ಎಂಬ ಪಟ್ಟಿ, ಇವೆಲ್ಲ ಒಂದು ಫೈಲಿನಲ್ಲಿದ್ದರೆ ಅವನಿಗೆ ನಂಬಿಕೆ ಬರುತ್ತದೆ. ದೋಷವನ್ನು ನಾವೇ ಮೊದಲು ಹೇಳಿ ಬೆಲೆಯಲ್ಲಿ ಕಳೆದಿದ್ದರೆ, ಅದೇ ದೋಷ ತೋರಿಸಿ ಅವನು ಮತ್ತೆ ಕಳೆಯಲಾರ.

ನಿಮ್ಮ ಮನೆಯಲ್ಲೂ ಯಾರಾದರೂ ಹಳೆ ಕಾರೋ, ಬುಲೆಟ್ಟೋ, ಸ್ಕೂಟರೋ ಕೊಂಡು ರಿಪೇರಿ ಮಾಡಿ ಮಾರುವ ಯೋಚನೆಯಲ್ಲಿದ್ದರೆ ಈ ಲೆಕ್ಕವನ್ನು ತಿರುಗಿಸಿ ಹಾಕಿ. ಸಿದ್ಧವಾದ ಮೇಲೆ ಎಷ್ಟಕ್ಕೆ ಹೋಗುತ್ತದೆ ಎಂದು ಮೊದಲು ವಿಚಾರಿಸಿ. ಅದರಿಂದ ರಿಪೇರಿ ಖರ್ಚು, ಸ್ವಂತ ಕೂಲಿ, ಸ್ವಲ್ಪ ಲಾಭ ಕಳೆಯಿರಿ. ಉಳಿದದ್ದೇ ನೀವು ಹಳೆ ಗಾಡಿಗೆ ಕೊಡಬಹುದಾದ ಗರಿಷ್ಠ ಬೆಲೆ. ಮಾಮುವಿನ ಕಾರಿನಲ್ಲಿ 3,15,000ದಿಂದ 3,40,000 ಕಳೆದರೆ ಏನೂ ಉಳಿಯುವುದಿಲ್ಲ, 25,000 ಸಾಲದೇ ಬರುತ್ತದೆ. ಅಂದರೆ ಆ ಕಾರು ಪುಕ್ಕಟೆ ಸಿಕ್ಕಿದ್ದರೂ ನಷ್ಟವೇ ಆಗುತ್ತಿತ್ತು. ಈ ಕಳೆಯುವ ಲೆಕ್ಕಕ್ಕೆ ಹತ್ತು ನಿಮಿಷ ಸಾಕು, ಆದರೆ ಅದನ್ನು ಅಡ್ವಾನ್ಸ್ ಕೊಡುವ ಮೊದಲೇ ಹಾಕಬೇಕು.