ಚಳಿಗಾಲದ ದೂರಪ್ರಯಾಣಕ್ಕೆ ಪಿಕಪ್ ಗಾಡಿಯ ಸಿದ್ಧತೆ

ಕಾಫಿ ತೋಟವನ್ನು ನೆಚ್ಚಿಕೊಂಡಿರುವ ಗೃಹಸ್ಥರಿಗೆ ಬಿಡುವೆಂಬುದು ವರ್ಷಕ್ಕೆ ಒಂದೆರಡು ಸಲ ಮಾತ್ರ ದೊರೆಯತಕ್ಕ ವಸ್ತು. ಕಾರ್ತಿಕದ ಕೊನೆಯಲ್ಲಿ ಮೊದಲಾದ ಅರೇಬಿಕದ ಕುಯ್ಲು ಪುಷ್ಯಮಾಸದ ಹೊತ್ತಿಗೆ ಮುಗಿಯುತ್ತ ಬರುವುದು. ಕಣದಲ್ಲಿ ಒಣಗುತ್ತಿರುವ ಕಾಫಿಯನ್ನು ರೈಟರ ವಶಕ್ಕೆ ಬಿಟ್ಟರೆ, ರೊಬಸ್ಟದ ಹಣ್ಣು ಕೆಂಪಾಗುವುದಕ್ಕೆ ಮುಂಚೆ ಹತ್ತು ಹನ್ನೆರಡು ದಿನಗಳು ಕೈಗೆ ಸಿಕ್ಕುವುದುಂಟು. ಮೂಡಿಗೆರೆ ತಾಲ್ಲೂಕಿನ ನಮ್ಮ ಮನೆಯಲ್ಲಿ ಕಳೆದ ಪುಷ್ಯದಲ್ಲಿ ಈ ಬಿಡುವನ್ನು ಹೇಗೆ ಕಳೆಯಬೇಕೆಂಬ ಪ್ರಸ್ತಾಪ ಬಂದಾಗ, ಎಪ್ಪತ್ತೆರಡು ವರ್ಷದ ನಮ್ಮ ತಾಯಿಯವರು, "ನಾನು ಹುಟ್ಟಿದ್ದೂ ಈ ಮಂಜಿನಲ್ಲಿ, ಬಾಳಿದ್ದೂ ಈ ಮಂಜಿನಲ್ಲಿ. ಬಯಲುಸೀಮೆಯನ್ನು ಒಮ್ಮೆ ಕಣ್ತುಂಬ ತೋರಿಸು," ಎಂದರು. ಹಂಪೆ, ಬಾದಾಮಿ, ವಿಜಯಪುರ, ಕಲಬುರಗಿಗಳ ಮೇಲೆ ಬೀದರಿನವರೆಗೆ ಹೋಗಿ ಬರುವುದೆಂದೂ, ಛತ್ರ ಹೋಟೆಲುಗಳನ್ನು ಆದಷ್ಟು ಬಿಟ್ಟು, ನಮ್ಮ ಗಾಡಿಯಲ್ಲಿಯೇ ಬಿಡಾರ ಹೂಡಿ, ನಾವೇ ಅಡಿಗೆ ಮಾಡಿಕೊಳ್ಳುವುದೆಂದೂ ನಿಶ್ಚಯವಾಯಿತು. ಹೋಗಿ ಬರುವ ದಾರಿ 1500 ಕಿಲೋಮೀಟರಿಗೆ ಕಡಮೆಯಾಗಲಾರದು. ಪ್ರಯಾಣದ ಕಥೆಗಿಂತ ಅದರ ಸಿದ್ಧತೆಯ ಕಥೆಯಿಂದಲೇ ವಾಚಕರಿಗೆ ಹೆಚ್ಚು ಪ್ರಯೋಜನವಾದೀತೆಂದು ಭಾವಿಸಿ ಈ ಲೇಖನವನ್ನು ಬರೆದಿದ್ದೇನೆ.

ನಮ್ಮ ಬೆಟ್ಟಗಳಿಗೆ ಇಂಥ ಗಾಡಿ ಹೊಸತೇನಲ್ಲ. ಎರಡನೆಯ ಮಹಾಯುದ್ಧದ ತರುವಾಯ ಬಂದ ವಿಲ್ಲಿಸ್ ಜೀಪು ತೋಟದ ಕೊರಕಲು ದಾರಿಗಳಲ್ಲಿ ಮನೆಯ ಎತ್ತಿನಂತೆ ದುಡಿಯಿತು. ಈಗ ಆ ಕೆಲಸದ ಬಹುಭಾಗವನ್ನು ಪಿಕಪ್ಪು ಮಾಡುತ್ತಿದೆ. ಆದರೆ ಗೊಬ್ಬರದ ಚೀಲ ಹೊರುವ ಪಿಕಪ್ಪಿಗೂ ಸಂಸಾರವನ್ನು ಕರೆದೊಯ್ಯುವ ಪಿಕಪ್ಪಿಗೂ ಕಾನೂನಿನಲ್ಲಿ ಅಂತರವುಂಟು. ಹಳದಿ ಫಲಕದ ಸರಕುಗಾಡಿಯಲ್ಲಿ ಕುಟುಂಬವನ್ನು ಪ್ರವಾಸಕ್ಕೆ ಕರೆದುಕೊಂಡು ಹೋದರೆ, ಅಪಘಾತವಾದಾಗ ವಿಮೆಯ ಹಣಕ್ಕೇ ತಕರಾರು ಬರಬಹುದು. ನಮ್ಮದು ಎರಡು ಸಾಲು ಆಸನಗಳುಳ್ಳ, ಸ್ವಂತ ಉಪಯೋಗಕ್ಕೆಂದು ನೋಂದಾಯಿಸಿದ ಗಾಡಿ. ಅಂಥದರಲ್ಲಿಯೂ ರಚನೆಯನ್ನು ಮನಬಂದಂತೆ ಬದಲಾಯಿಸುವುದನ್ನು 1988ರ ಮೋಟಾರು ವಾಹನ ಕಾಯಿದೆ ಒಪ್ಪುವುದಿಲ್ಲ. ಹಿಂದಿನ ತೊಟ್ಟಿಗೆ ಮೇಲ್ಗೂಡು ಕೂಡಿಸುವವರು ಮೊದಲು ಸಾರಿಗೆ ಕಛೇರಿಯಲ್ಲಿ ವಿಚಾರಿಸತಕ್ಕದ್ದು. ತೊಟ್ಟಿಯಲ್ಲಿ ಮಲಗಬಹುದು, ಗಾಡಿ ನಿಂತಿರುವಾಗ ಮಾತ್ರ. ಓಡುವ ಗಾಡಿಯ ತೊಟ್ಟಿಯಲ್ಲಿ ಆಳುಗಳನ್ನು ನಿಲ್ಲಿಸಿಕೊಂಡು ಹೋಗುವ ರೂಢಿ ನಮ್ಮ ಕಡೆ ಇನ್ನೂ ಹೋಗಿಲ್ಲ. ನಾವು ತೋಟದ ಯಜಮಾನರು ಇದಕ್ಕೆ ನಾಚಬೇಕು.

ಗಾಡಿಯ ಪರೀಕ್ಷೆಯಲ್ಲಿ ಮೊಟ್ಟಮೊದಲು ನೋಡತಕ್ಕದ್ದು ಟೈರು. ಗೀರುಗಳು ಆಳವಾಗಿದ್ದ ಮಾತ್ರಕ್ಕೆ ಟೈರು ಹೊಸತೆಂದು ತಿಳಿಯಬಾರದು. ಅದರ ಪಕ್ಕದಲ್ಲಿ ನಾಲ್ಕು ಅಂಕಿಗಳನ್ನು ಅಚ್ಚೊತ್ತಿರುತ್ತಾರೆ. ಮೊದಲಿನ ಎರಡು ವಾರವನ್ನೂ ಉಳಿದೆರಡು ವರ್ಷವನ್ನೂ ತಿಳಿಸುವುವು. 3217 ಎಂದಿದ್ದರೆ ಅದು 2017ರ ಮೂವತ್ತೆರಡನೆಯ ವಾರದಲ್ಲಿ ತಯಾರಾದದ್ದು. ನಮ್ಮ ಸ್ಟೆಪ್ನಿ ಒಂದು ಸಲವೂ ನೆಲ ಮುಟ್ಟದೆ, ತೊಟ್ಟಿಯ ಕೆಳಗೆ ತೂಗಿಕೊಂಡೇ ಮುದಿಯಾಗಿ ಬಿರುಕು ಬಿಟ್ಟಿತ್ತು. ಅದನ್ನು ಇಳಿಸುವ ಸರಪಳಿಯೂ ಕೆಸರು ತುಕ್ಕುಗಳಿಂದ ಕಚ್ಚಿಕೊಂಡಿದ್ದುದರಿಂದ, ಸೀಮೆಎಣ್ಣೆ ಹಾಕಿ ತಟ್ಟಿ ಬಿಡಿಸುವಷ್ಟರಲ್ಲಿ ಅರ್ಧ ದಿನ ಹೋಯಿತು. ರಾತ್ರಿಯಲ್ಲಿ, ಹೆದ್ದಾರಿಯ ಅಂಚಿನಲ್ಲಿ ಈ ಕೆಲಸ ಬಿದ್ದಿದ್ದರೆ ಏನಾಗುತ್ತಿತ್ತೆಂದು ಯೋಚಿಸಿರಿ.

ಎರಡನೆಯದು ಬ್ರೇಕು. ಗ್ಯಾರೇಜಿನವರು ಎಲ್ಲವೂ ಸರಿಯಿದೆಯೆಂದರು. ಆದರೂ ಸಾಮಾನನ್ನೆಲ್ಲ ಹೇರಿಕೊಂಡು ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿಯನ್ನು ಒಮ್ಮೆ ಇಳಿದು ಹತ್ತಿ ಬರೋಣವೆಂದು ಹೊರಟೆನು. ಇಳಿಜಾರಿನ ಅರ್ಧದಲ್ಲಿ ಸುಟ್ಟ ವಾಸನೆ ಬಂದಿತು. ಪೆಡಲು ಹಿಂದಿಗಿಂತ ಆಳಕ್ಕೆ ಇಳಿಯತೊಡಗಿತು. ಗಾಡಿಯನ್ನು ಅಗಲವಾದ ಜಾಗದಲ್ಲಿ ನಿಲ್ಲಿಸಿ ಅರ್ಧ ಘಂಟೆ ಆರಬಿಟ್ಟೆವು. ವಿಚಾರಿಸಲಾಗಿ ಕಾರಣ ಎರಡು. ಬ್ರೇಕಿನ ಎಣ್ಣೆ ಗಾಳಿಯ ತೇವವನ್ನು ಹೀರುವ ಸ್ವಭಾವದ್ದು. ನೀರು ಬೆರೆತ ಎಣ್ಣೆ ಬಿಸಿಯಾದಾಗ ಬೇಗ ಕುದಿದು ಗುಳ್ಳೆಯೇಳುವುದು, ಗುಳ್ಳೆ ಎದ್ದರೆ ಪೆಡಲು ಟೊಳ್ಳಾಗುವುದು. ಎರಡು ವರ್ಷಕ್ಕೊಮ್ಮೆ ಅದನ್ನು ಬದಲಾಯಿಸಬೇಕಾದಲ್ಲಿ ನಾವು ನಾಲ್ಕು ವರ್ಷ ಮುಟ್ಟಿರಲಿಲ್ಲ. ಅದೂ ಆರು ತಿಂಗಳು ಮಳೆ ಹುಯ್ಯುವ ಊರಿನಲ್ಲಿ. ಇನ್ನೊಂದು ಕಾರಣ ನನ್ನ ಕಾಲು. ಘಾಟಿಯನ್ನು ಯಾವ ಗೇರಿನಲ್ಲಿ ಹತ್ತುವೆವೋ ಅದೇ ಗೇರಿನಲ್ಲಿ ಇಳಿಯಬೇಕೆಂಬ ಹಳೆಯ ಡ್ರೈವರುಗಳ ಮಾತನ್ನು ಮರೆತು, ಎಂಜಿನ್ನಿನ ಹಿಡಿತಕ್ಕೆ ಬಿಡಬೇಕಾದ ಕೆಲಸವನ್ನು ಬ್ರೇಕಿನಿಂದ ಮಾಡಿಸಿದ್ದೆನು.

ಮೂರನೆಯದು ಭಾರ. ಕಾಫಿ ತೂಗುವ ವೇ ಬ್ರಿಡ್ಜಿನ ಮೇಲೆ, ಜನರನ್ನೂ ಕೂರಿಸಿಕೊಂಡು ಗಾಡಿಯನ್ನು ನಿಲ್ಲಿಸಿ ನೋಡಿದೆವು. ನೋಂದಣಿ ಪುಸ್ತಕದ ಪ್ರಕಾರ ನಮ್ಮ ಗಾಡಿ ಜನರೂ ಸೇರಿ 550 ಕಿಲೋ ಹೊರಬಹುದು, ಹೊತ್ತಿದ್ದುದು 622. ನನ್ನ ಹೆಂಡತಿ ಇಟ್ಟಿದ್ದ ಪುಟ್ಟ ಒರಳಿನ ಮೇಲೆ ನಾನು ತಪ್ಪು ಹೊರಿಸಹೋದೆನು. "ಒರಳು ನಾಲ್ಕು ಕಿಲೋ. ನಿಮ್ಮ ಸ್ಪ್ಯಾನರುಗಳ ಪೆಟ್ಟಿಗೆಯನ್ನು ಮೊದಲು ತೂಗಿರಿ," ಎಂದಳು. ಪೆಟ್ಟಿಗೆ ಮೂವತ್ತು ಕಿಲೋ ಮೀರಿತ್ತು. ನಾನು ಬಳಸಲು ಬಾರದ ಉಪಕರಣಗಳನ್ನೆಲ್ಲ ತೆಗೆದಾಗ 20 ಕಿಲೋ ಇಳಿಯಿತು. ಹೆದ್ದಾರಿಯ ಉದ್ದಕ್ಕೂ ಬಂಕುಗಳಿರುವಾಗ ಬೇಕಿಲ್ಲದ ಡೀಸೆಲ್ ಡಬ್ಬ 17 ಕಿಲೋ. ಮಡಿಸುವ ಮೇಜು 9. ಅರವತ್ತು ಲೀಟರು ನೀರಿನಲ್ಲಿ ಅರ್ಧ, ಅಂದರೆ 30 ಕಿಲೋ. ಲೀಟರು ನೀರು ಒಂದು ಕಿಲೋ ಎಂಬುದನ್ನು ಶಾಲೆಯಲ್ಲಿ ಕಲಿತಿದ್ದರೂ ಗಾಡಿ ತುಂಬುವಾಗ ಯಾರಿಗೂ ನೆನಪಿರುವುದಿಲ್ಲ. ಒರಳು ಉಳಿಯಿತು. ಉಳಿದ ಭಾರದ ಪದಾರ್ಥಗಳನ್ನು ತೊಟ್ಟಿಯ ಹಿಂಬಾಗಿಲ ಬಳಿ ಇಡದೆ, ಆಸನಗಳ ಬೆನ್ನಿಗೆ ಒತ್ತಿ, ತಳದಲ್ಲಿ ಇಟ್ಟು ಹಗ್ಗದಿಂದ ಬಿಗಿದೆವು. ಭಾರ ಹಿಂದಾದರೆ ಮುಂದಿನ ಚಕ್ರಗಳು ಹಗುರವಾಗಿ ತಿರುವಿನಲ್ಲಿ ಮಾತು ಕೇಳುವುದಿಲ್ಲ. ದೀಪಗಳೂ ಮೇಲಕ್ಕೆತ್ತಿ ಎದುರಿನವರ ಕಣ್ಣಿಗೆ ಹೊಡೆಯುವುವು.

ಇನ್ನು ಚಳಿಯ ವಿಷಯ. ಮಂಜುಗಡ್ಡೆಯ ದೇಶಗಳಲ್ಲಿ ಡೀಸೆಲ್ಲೇ ಹೆಪ್ಪುಗಟ್ಟುವುದರಿಂದ ಅಲ್ಲಿಯವರ ಸಿದ್ಧತೆಯೇ ಬೇರೆ. ನಮಗೆ ಆ ಭಯವಿಲ್ಲ. ಆದರೆ ನಮ್ಮ ಬೆಟ್ಟಗಳಲ್ಲಿಯೂ, ವಿಜಯಪುರ ಬೀದರುಗಳ ಬಯಲಿನಲ್ಲಿಯೂ ಪುಷ್ಯದ ಬೆಳಗಿನ ಜಾವಕ್ಕೆ ಉಷ್ಣತೆ 10 ಡಿಗ್ರಿಗಿಂತ ಕೆಳಗೆ ಇಳಿಯುವುದುಂಟು. ಹಳೆಯ ಬ್ಯಾಟರಿ ಇಂಥ ಬೆಳಗಿನಲ್ಲಿಯೇ ಕೈಕೊಡುವುದು. ಆದಕಾರಣ ರಾತ್ರಿಯ ದೀಪಕ್ಕೂ ಫೋನುಗಳಿಗೂ ಬೇರೊಂದು ಬ್ಯಾಟರಿಯಿಟ್ಟು, ಎಂಜಿನ್ನಿನ ಬ್ಯಾಟರಿಯನ್ನು ಮುಟ್ಟದಿರುವುದು ಕ್ಷೇಮ. ತೊಟ್ಟಿಯಲ್ಲಿ ಮಲಗುವವರಿಗೆ ಚಳಿ ಮೇಲಿನಿಂದ ಬರುವುದಕ್ಕಿಂತ ಕೆಳಗಿನ ಕಬ್ಬಿಣದಿಂದ ಹೆಚ್ಚಾಗಿ ಬರುವುದು. ಹೊದೆಯಲು ಎರಡು ಕಂಬಳಿಯಾದರೆ ಹಾಸಲು ನಾಲ್ಕು ಬೇಕು. ಹಲಗೆಯ ಮೇಲೆ ಕಾಫಿಯ ಖಾಲಿ ಗೋಣಿಗಳನ್ನು ನಾಲ್ಕು ಪದರವಾಗಿ ಹಾಸಿ, ಅದರ ಮೇಲೆ ಕಂಬಳಿ, ಅದರ ಮೇಲೆ ಹಾಸಿಗೆ ಹಾಕಿದೆವು. ಮೇಲೆ ತಾರ್ಪಾಲಿನ ಗೂಡು. ಗಾಳಿ ಬಾರದಂತೆ ಅದನ್ನು ನಾಲ್ಕು ಕಡೆಯೂ ಬಿಗಿದು ಕಟ್ಟಿದೆನು. ಇಲ್ಲಿಯೇ ನಾನು ತಪ್ಪಿದೆನು.

ಹೊರಡುವ ಮುಂಚೆ ಒಂದು ರಾತ್ರಿ ನಮ್ಮ ಕಣದಲ್ಲಿಯೇ ಬಿಡಾರ ಹೂಡಿ ನೋಡಿದೆವು. ತಾಯಿಯವರೂ ಹದಿನಾಲ್ಕು ವರ್ಷದ ಮಗಳೂ ತೊಟ್ಟಿಯಲ್ಲಿ, ನಾವಿಬ್ಬರು ಪಕ್ಕದ ಗುಡಾರದಲ್ಲಿ. ಹತ್ತು ಘಂಟೆಯ ಹೊತ್ತಿಗೆ ತಾಯಿಯವರು ನಡುಗುತ್ತಿದ್ದುದನ್ನು ಕಂಡು, ಕಾಫಿ ಗಿಡದ ಕೊರಡಿನ ಕೆಂಡವನ್ನು ಕಬ್ಬಿಣದ ಬಾಂಡಲೆಯಲ್ಲಿ ತುಂಬಿ ತೊಟ್ಟಿಯ ಮೂಲೆಯಲ್ಲಿ ಇಟ್ಟೆನು. ಹೊಗೆ ಪೂರ್ತಿಯಾಗಿ ಅಡಗಿದ ಕೆಂಡ. ಬೆಂಕಿ ತಗುಲದಂತೆ ಸುತ್ತಲೂ ಇಟ್ಟಿಗೆ. ಇದಕ್ಕಿಂತ ಜೋಪಾನವೇನೆಂದು ನನಗೆ ನಾನೇ ಹೇಳಿಕೊಂಡೆನು.

ರಾತ್ರಿ ಸುಮಾರು ಒಂದು ಘಂಟೆಗೆ ನನ್ನ ಹೆಂಡತಿ ಅತ್ತೆಗೆ ಶಾಲು ಕೊಟ್ಟು ಬರುವೆನೆಂದು ಎದ್ದು ಹೋದಳು. ಅವಳ ಕೂಗಿಗೆ ನಾನು ಓಡಿದೆನು. ಮಗಳು ತಲೆ ಸಿಡಿಯುತ್ತಿದೆಯೆಂದು ನರಳುತ್ತಿದ್ದಳು. ಏಳಲು ಕೈಕಾಲು ಬರಲಿಲ್ಲ. ತಾಯಿಯವರು ಕರೆದರೆ ಕಣ್ಣು ತೆರೆಯುವರು, ಉತ್ತರ ಬಾರದು. ಇಬ್ಬರನ್ನೂ ಹೊರಗಿನ ಗಾಳಿಗೆ ಎತ್ತಿ ತಂದು, ಅದೇ ಗಾಡಿಯ ಮುಂದಿನ ಆಸನಗಳಲ್ಲಿ ಕೂರಿಸಿ, ಕಿಟಕಿಗಳನ್ನೆಲ್ಲ ತೆರೆದು ಆಸ್ಪತ್ರೆಗೆ ಒಯ್ದೆವು. ಅಲ್ಲಿ ಬೆಳಗಿನವರೆಗೆ ಆಮ್ಲಜನಕ ಕೊಟ್ಟರು. ದೇವರ ದಯದಿಂದ ಇಬ್ಬರೂ ಚೇತರಿಸಿಕೊಂಡರು. ಇನ್ನೊಂದು ಘಂಟೆ ತಡವಾಗಿದ್ದರೆ ಎಂಬುದನ್ನು ವೈದ್ಯರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ವೈದ್ಯರು ವಿವರಿಸಿದ್ದು ಇಷ್ಟು: ಕೆಂಡವು ಮುಚ್ಚಿದ ಜಾಗದಲ್ಲಿ ಸಾಲದ ಗಾಳಿಯಲ್ಲಿ ಉರಿದಾಗ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷವಾಯು ಹುಟ್ಟುವುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತವು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚಾಗಿ ಅದನ್ನು ಅಪ್ಪಿಕೊಳ್ಳುವುದು. ಹೊಗೆಯಿದ್ದರೆ ಕೆಮ್ಮಾದರೂ ಬಂದು ಎಚ್ಚರವಾಗುತ್ತಿತ್ತು. ಹೊಗೆಯಿಲ್ಲದ ಒಳ್ಳೆಯ ಕೆಂಡವೇ ಇಲ್ಲಿ ಮೋಸಗಾರ. ಗ್ಯಾಸಿನ ಒಲೆಗೂ, ಚಳಿಗೆಂದು ನಿಂತಲ್ಲಿಯೇ ಓಡಿಸುವ ಎಂಜಿನ್ನಿನ ಹೊಗೆಗೂ ಇದೇ ಮಾತು ಸಲ್ಲುವುದು. ಆಮೇಲೆ ತಾರ್ಪಾಲಿನ ಎರಡು ತುದಿಗಳಲ್ಲಿ, ಮೇಲೊಂದು ಕೆಳಗೊಂದು, ಅಂಗೈಯಗಲದ ಕಿಂಡಿಗಳನ್ನು ಮುಚ್ಚಲು ಬಾರದಂತೆ ಬಿಡಿಸಿದೆನು. ಉಸಿರಿನ ತೇವ ನೀರಾಗಿ ಹಾಸಿಗೆಯ ಮೇಲೆ ತೊಟ್ಟಿಕ್ಕುವ ತೊಂದರೆಯೂ ಇದರಿಂದ ತಪ್ಪಿತು. ಈ ವಾಯುವನ್ನು ಕಂಡುಹಿಡಿದು ಕೂಗಿ ಎಚ್ಚರಿಸುವ ಪುಟ್ಟ ಯಂತ್ರವೊಂದು ಪೇಟೆಯಲ್ಲಿ ದೊರೆಯುವುದು. ಅದನ್ನು ತರಿಸಿ ತಲೆದಿಂಬಿನ ಮಟ್ಟದಲ್ಲಿ ತೂಗುಹಾಕಿದೆವು. ಚಳಿಗೆ ಬಟ್ಟೆ ಸುತ್ತಿದ ಬಿಸಿನೀರಿನ ಚೀಲಗಳು. ಬೆಂಕಿಯೇನಿದ್ದರೂ ಹೊರಗೆ.

ಪ್ರವಾಸವನ್ನು ಬಿಟ್ಟುಬಿಡೋಣವೆಂದು ನಾನು ಹೇಳಿದಾಗ ತಾಯಿಯವರು ಒಪ್ಪಲಿಲ್ಲ. "ತಪ್ಪು ನಮ್ಮ ಕಣದಲ್ಲಿಯೇ ಆಗಿ ಹೋಯಿತು, ದಾರಿಯಲ್ಲಿ ಆಗುವುದು ತಪ್ಪಿತು. ನಾಲ್ಕು ದಿನ ಬಿಟ್ಟು ಹೊರಡೋಣ," ಎಂದರು. ಮಗಳು ಅಜ್ಜಿಯ ಪಕ್ಷ. ವೈದ್ಯರು ಮತ್ತೊಮ್ಮೆ ನೋಡಿ ಒಪ್ಪಿದ ಮೇಲೆ, ನಾವು ಮೊದಲು ಕೆಳಗೂರು, ಸಂಸೆಗಳ ಚಹಾ ತೋಟಗಳ ಮಾರ್ಗವಾಗಿ ಕಳಸಕ್ಕೆ ಹೋಗಿ, ಪರಿಚಿತರೊಬ್ಬರ ಅಂಗಳದಲ್ಲಿ ಇನ್ನೊಂದು ರಾತ್ರಿ ಪರೀಕ್ಷೆ ಮಾಡಿದೆವು. ಆ ರಾತ್ರಿ ನಾನು ನಿದ್ದೆ ಮಾಡಲಿಲ್ಲ. ಉಳಿದವರು ಚೆನ್ನಾಗಿ ಮಾಡಿದರು.

ಎಲ್ಲಿ ಬಿಡಾರ ಹೂಡಬೇಕೆಂಬುದರ ಬಗ್ಗೆ ಎರಡು ಮಾತು. ನಮ್ಮ ಬೆಟ್ಟಗಳಿಗೆ ಬರುವ ಪಟ್ಟಣಿಗರು ಹೊಳೆ ಕಂಡಲ್ಲಿ, ಹುಲ್ಲುಗಾವಲು ಕಂಡಲ್ಲಿ ಗುಡಾರ ಹೊಡೆಯಲು ಆತುರಪಡುತ್ತಾರೆ. 1987ರಲ್ಲಿ ರಾಷ್ಟ್ರೀಯ ಉದ್ಯಾನವಾದ ಕುದುರೆಮುಖದಲ್ಲಾಗಲಿ, 1998ರಿಂದ ಹುಲಿಗಳ ರಕ್ಷಿತಾರಣ್ಯವಾದ ಭದ್ರೆಯಲ್ಲಾಗಲಿ ಅಪ್ಪಣೆಯಿಲ್ಲದೆ ತಂಗುವುದು, ಒಲೆ ಹೂಡುವುದು ಅಪರಾಧ. ತೋಟದ ಕಣ, ಹೋಮ್‌ಸ್ಟೇಗಳ ಅಂಗಳ, ಹೊರನಾಡಿನಂಥ ಕ್ಷೇತ್ರಗಳ ವಸತಿಗೃಹ, ಇವೇ ಸಾಕು. ಮೂಡಿಗೆರೆಯ ಸುತ್ತಿನಲ್ಲಿ ಈಗ ಕಾಡಾನೆಗಳ ಓಡಾಟವಿದೆ. ಅಕ್ಕಿ, ಉಪ್ಪು, ಬಾಳೆಹಣ್ಣುಗಳ ವಾಸನೆಗೆ ಅವು ಗೋಡೆಯನ್ನೇ ಕೆಡವುವುವೆಂದ ಮೇಲೆ ಗುಡಾರದ ಬಟ್ಟೆ ಯಾವ ಲೆಕ್ಕ? ಚಳಿಗಾಲದಿಂದ ಬೇಸಗೆಯವರೆಗೆ ಮಂಗನ ಕಾಯಿಲೆಯ ಭಯವೂ ಉಂಟು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಈ ರೋಗ ನಮ್ಮ ಜಿಲ್ಲೆಗೂ ಬಂದಿದೆ, ಹರಡುವುದು ಉಣುಗಿನಿಂದ. ಒಣ ತರಗೆಲೆಯ ಮೇಲೆ ಹಾಸಿ ಕೂರಬಾರದು. ಕಾಡಂಚಿನಲ್ಲಿ ಓಡಾಡಿ ಬಂದ ಮೇಲೆ ಬಟ್ಟೆ ಬದಲಾಯಿಸಿ ಬಿಸಿನೀರಿನಲ್ಲಿ ಮೈ ತೊಳೆಯಬೇಕು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು.

ಅಡಿಗೆಯ ವಿಷಯವನ್ನು ಹೆಂಗಸರು ನನಗಿಂತ ಚೆನ್ನಾಗಿ ಬಲ್ಲರು. ಹುರಿಹಿಟ್ಟು, ಅವಲಕ್ಕಿ, ಚಟ್ನಿಪುಡಿ, ಬೆಲ್ಲ, ಅಪ್ಪೆಮಿಡಿಯ ಉಪ್ಪಿನಕಾಯಿ, ಮನೆಯ ಕಾಫಿಪುಡಿ ಎರಡು ಕಿಲೋ. ಬೀದರಿನಲ್ಲಿ ಒಳ್ಳೆಯ ಕಾಫಿ ಸಿಕ್ಕೀತೋ ಇಲ್ಲವೋ ಎಂಬ ತೋಟದವರ ಸಂಶಯ ಇದಕ್ಕೆ ಕಾರಣವೇ ಹೊರತು ಬೇರೇನಲ್ಲ.

ಹೊರಡುವ ದಿನ ಬೆಳಿಗ್ಗೆ ಆರಕ್ಕೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಕಣದ ಆಚೆಯ ಸಿಲ್ವರ್ ಮರಗಳೇ ಕಾಣುತ್ತಿರಲಿಲ್ಲ. ದೀಪವನ್ನು ಎತ್ತರಿಸದೆ, ತಗ್ಗಿಸಿಯೇ ಹೊರಟೆವು. ಎತ್ತರದ ಬೆಳಕು ಮಂಜಿಗೆ ತಾಗಿ ನಮ್ಮ ಕಣ್ಣಿಗೇ ಹಿಂದಿರುಗುವುದು. ತಾಯಿಯವರು ಮುಂದಿನ ಆಸನದಲ್ಲಿ ಕುಳಿತರು. ತೊಡೆಯ ಮೇಲೆ ಆ ಪುಟ್ಟ ಯಂತ್ರವಿತ್ತು. "ಇದನ್ನು ಹಿಂದೆ ಇಡುವೆಯಂತೆ, ರಾತ್ರಿಗೆ. ಈಗ ನನ್ನ ಹತ್ತಿರವೇ ಇರಲಿ," ಎಂದರು. ಚಿಕ್ಕಮಗಳೂರು ದಾಟಿ, ಕಡೂರಿನ ಬಯಲಿಗೆ ಇಳಿಯುವ ಹೊತ್ತಿಗೆ ಮಂಜು ಹಿಂದುಳಿದು ಬಿಸಿಲು ಬಂದಿತ್ತು.